ಚೀಫ್ ಮಿಂಟಾಳ ಕೈಯ ರೊಟ್ಟಿ

ಡಾಕ್ಟರ್ ಪ್ರೂಯಿಟ್ ಹೆಣ ಕೊಯ್ಯಲು ನಿಲ್ಲುವ ಮೊದಲು ಮೂಗಿನ ಕೆಳಗೆ ನೆಗಡಿ ಮುಲಾಮು ಬಳಿದುಕೊಳ್ಳುತ್ತಿದ್ದರು. ಕೆಲಸ ಮುಗಿದ ಮೇಲೆ ಕೈಗವಸು ಕಳಚಿ, ನಲ್ಲಿಯ ಕಡೆ ತಿರುಗಿಯೂ ನೋಡದೆ, ಸಕ್ಕರೆ ಮೆತ್ತಿದ ಡೋನಟ್ ಎತ್ತಿ ಬಾಯಿಗಿಡುತ್ತಿದ್ದರು. ಬೆರಳು ಚೀಪುವ ಸದ್ದು ಆ ಖಾಲಿ ಗೋಡೆಗಳ ನಡುವೆ ಎಷ್ಟು ದೊಡ್ಡದಾಗಿ ಕೇಳುತ್ತಿತ್ತೆಂದರೆ ನಾನು ನಲ್ಲಿ ಬಿಟ್ಟು ನೀರಿನ ಸದ್ದು ಮಾಡುತ್ತಿದ್ದೆ. ನಮ್ಮ ರಾಜ್ಯದಲ್ಲಿ ಯಾರು ಹೇಗೆ ಸತ್ತರು ಎಂದು ಕೊನೆಯ ಮಾತು ಹೇಳುವ ಮುಖ್ಯ ಮರಣಪರೀಕ್ಷಕರು ಅವರು. ನಾವೆಲ್ಲ ಚೀಫ್ ಅನ್ನುತ್ತಿದ್ದೆವು. ನಾನು ಎರ್ಸೆಲ್, ಅವರು ಕೊಯ್ದದ್ದನ್ನು ಹೊಲಿಯುವವನು.

ಮಿಂಟಾ ಅವರ ಕೈಕೆಳಗೆ ಡಾಕ್ಟರಾಗಿ ಬಂದಾಗ ನಾನು ಪದ್ಧತಿಯಂತೆ ಮುಲಾಮಿನ ಡಬ್ಬಿ ಮುಂದೆ ಹಿಡಿದೆ.

"ಬೇಡ," ಅಂದಳು. "ಸತ್ತೋರು ಹೇಳೋದ್ರಲ್ಲಿ ಅರ್ಧ ಮೂಗಿಗೇ ಹೇಳೋದು. ಅದನ್ನೇ ಮುಚ್ಕೊಂಡ್ರೆ ಬಂದೇನು ಉಪಯೋಗ?"

"ಮಧ್ಯಾಹ್ನ ಊಟ ಸೇರಲ್ಲ ಡಾಕ್ಟ್ರೇ."

"ಹಂದಿ ಕೊಯ್ಯೋ ಮನೇಲಿ ಹುಟ್ಟಿದೋಳು ನಾನು. ನಿನ್ನ ಪಾಲಿಂದೂ ತಿಂತೀನಿ, ಕೊಡು."

ನಿಜವಾಗಿಯೂ ತಿಂದಳು. ಆದರೆ ಮೊಣಕೈವರೆಗೆ ಮೂರು ಸಲ ತೊಳೆದುಕೊಂಡು, ಉಗುರಿನ ಸಂದಿಯನ್ನು ಬ್ರಷ್ಷಿನಿಂದ ಉಜ್ಜಿದ ಮೇಲೆ. ಆ ತೊಳೆಯುವ ಅಭ್ಯಾಸ ಬಂದದ್ದು ಮೆಡಿಕಲ್ ಕಾಲೇಜಿನಿಂದಲ್ಲ, ಅವಳ ತಾಯಿ ಇಮೋಜಿನ್ ಕೈಯಿಂದ ಎಂದು ನನಗೆ ಆಮೇಲೆ ಗೊತ್ತಾಯಿತು.

ಆರ್ಮಿಂಟಾ ಸ್ಟಿಡಮ್ ಅವಳ ಪೂರ್ತಿ ಹೆಸರು. ಕಲ್ಲಿದ್ದಲ ಗಣಿಯ ಬೆಟ್ಟಗಳಲ್ಲಿ, ಟ್ಯಾಲೋ ಕೌಂಟಿ ಎಂಬ ಜಿಲ್ಲೆಯವಳು. ಅಪ್ಪ ಬರ್ಲ್ ಗಣಿಯೊಳಗೆ ಉಸಿರು ಸವೆಸಿ, ಕೊನೆಯ ವರ್ಷಗಳಲ್ಲಿ ಕೂತೇ ನಿದ್ದೆ ಮಾಡುತ್ತಿದ್ದವನು. ಕೆಮ್ಮಿದರೆ ಕರವಸ್ತ್ರದ ಮೇಲೆ ಮಸಿ ಬರುತ್ತಿತ್ತು. ಅವನು ಸತ್ತಾಗ ಅಲ್ಲಿನ ಕಾರೊನರ್ ಕ್ಲೋವಿಸ್ ರೇಡರ್ ಮರಣಪತ್ರದಲ್ಲಿ ಬರೆದದ್ದು, 'ಹೃದಯ ನಿಂತು ಸಾವು'. ಆ ಬೆಟ್ಟಗಳಲ್ಲಿ ಕಾರೊನರ್ ಅಂದರೆ ಓಟು ಹಾಕಿ ಆರಿಸುವ ಹುದ್ದೆ, ಡಾಕ್ಟರಾಗಿರಬೇಕೆಂದಿಲ್ಲ. ರೇಡರ್‌ಗೆ ಇದ್ದದ್ದು ಹೆಣದಂಗಡಿ. ಹೆಣ ಕೆಡದಂತೆ ಔಷಧಿ ತುಂಬುವವನೂ ಅವನೇ, ಪೆಟ್ಟಿಗೆ ಮಾರುವವನೂ ಅವನೇ, ಸತ್ತದ್ದು ಯಾಕೆ ಎಂದು ಬರೆಯುವವನೂ ಅವನೇ. ಬೇಲಿಯೇ ಎದ್ದು ಹೊಲ ಮೇಯ್ದ ಹಾಗೆ ಎಂದು ನನಗೆ ಅನ್ನಿಸುತ್ತದೆ, ಅಲ್ಲಿನ ಜನಕ್ಕೆ ಅನ್ನಿಸುವುದಿಲ್ಲ. ಮಿಂಟಾಗೆ ಅನ್ನಿಸಿತು. ಆಗ ಅವಳು ಕಾಲೇಜು ಹುಡುಗಿ.

"ಸತ್ತ ಮೇಲೆ ಯಾರ ಹೃದಯ ನಿಲ್ಲಲ್ಲ ಎರ್ಸೆಲ್, ನೀನೇ ಹೇಳು," ಎಂದು ಒಂದು ಸಲ ನನ್ನ ಕೇಳಿದ್ದಳು. "ಇಂಥೋರು ಬರೆದದ್ದನ್ನ ಹೊಡೆದು ಹಾಕೋ ಕುರ್ಚಿ ರಾಜ್ಯದಲ್ಲಿ ಒಂದೇ ಒಂದಿದೆ. ನಂಗೆ ಅದು ಬೇಕು."

ಅವಳು ಚೀಫ್ ಆಗಬೇಕೆಂದು ಹಟ ಹಿಡಿದದ್ದು ಹೀಗೆ. ತಾಯಿಗೆ ಇದು ಬಿಲ್ಕುಲ್ ಹಿಡಿಸಲಿಲ್ಲ. ಮಗಳು ಬದುಕಿದವರಿಗೆ ಮದ್ದು ಕೊಡುತ್ತಾಳೆಂದು ಓದಿಸಿದರೆ ಸತ್ತವರ ಹೊಟ್ಟೆ ಬಗೆಯುತ್ತಾಳಲ್ಲ ಎಂದು ಇಮೋಜಿನ್ ವರ್ಷಗಟ್ಟಲೆ ಮೂಗು ಮುರಿದಳು. ಕೊನೆಗೆ ಇಬ್ಬರ ನಡುವೆ ಒಂದು ಒಪ್ಪಂದವಾಯಿತು. ಮಿಂಟಾ ಭಾನುವಾರ ಮನೆಗೆ ಬಂದಾಗ ಅಂಗಳದ ನಲ್ಲಿಯಲ್ಲಿ, ತಾಯಿಯೇ ಬೂದಿನೀರು ಹಂದಿಕೊಬ್ಬು ಕಾಸಿ ಮಾಡಿದ ಸೋಪಿನಿಂದ ಕೈ ತೊಳೆದು ಒಳಗೆ ಬರಬೇಕು. ತೊಳೆದರೆ ಹಿಟ್ಟು ಮುಟ್ಟಬಹುದು. ಮಜ್ಜಿಗೆ ಹಾಕಿ ನಾದುವ ಅವರ ಭಾನುವಾರದ ಬಿಸ್ಕೆಟ್ ರೊಟ್ಟಿಯನ್ನು ತಾಯಿ ಮಗಳು ಒಂದೇ ಹಲಗೆಯ ಮೇಲೆ ತಟ್ಟುತ್ತಿದ್ದರು. ನಾನು ಹೆಣದ ಗಾಡಿ ಓಡಿಸಿಕೊಂಡು ಆ ಕಡೆ ಹೋದಾಗ ಒಂದೆರಡು ಸಲ ತಿಂದಿದ್ದೇನೆ. ಅಷ್ಟು ಹಗುರವಾದ ರೊಟ್ಟಿಯನ್ನು ನಾನು ಬೇರೆಲ್ಲೂ ತಿಂದಿಲ್ಲ.

ಮಿಂಟಾ ನನಗೆ ಹೇಳಿದ್ದಳು, ಪಟ್ಟಣದಲ್ಲಿ ತನಗೆ ಗಂಡನಿಲ್ಲ, ಮಕ್ಕಳಿಲ್ಲ, ಬೆಕ್ಕು ಕೂಡ ಓಡಿಹೋಯಿತು, ಆ ಹಲಗೆಯೊಂದೇ ತನ್ನ ಮನೆ ಎಂದು.

ಪ್ರೂಯಿಟ್ ನಿವೃತ್ತಿಯಾಗುವ ವರ್ಷ ಟ್ಯಾಲೋ ಕೌಂಟಿಯಿಂದಲೇ ಒಂದು ಹೆಣ ಬಂತು. ಡೆಲ್ಫಾ ಎಂಬ ಹೆಂಗಸು, ನೆಲಮಾಳಿಗೆಯ ಮೆಟ್ಟಿಲ ಬುಡದಲ್ಲಿ ಸತ್ತು ಬಿದ್ದಿದ್ದಳು. ರೇಡರ್ ಅವಳನ್ನು ಎತ್ತಿಕೊಂಡು ಹೋಗಿ ಅದೇ ಸಂಜೆ ಔಷಧಿ ತುಂಬಿ, ತುಟಿಗೆ ಬಣ್ಣ ಹಚ್ಚಿ ಮಲಗಿಸಿಬಿಟ್ಟಿದ್ದ. ಆಮೇಲೆ ಅವಳ ಅಣ್ಣಂದಿರು, ಗಂಡ ಎಸ್ಟಿಲ್ ತಳ್ಳಿದ್ದಾನೆ ಎಂದು ಗಲಾಟೆ ಎಬ್ಬಿಸಿದ್ದರಿಂದ ಪೆಟ್ಟಿಗೆ ಸಮೇತ ನಮ್ಮಲ್ಲಿಗೆ ಕಳಿಸಿದ. ತಲೆಯಲ್ಲಿ ಪೆಟ್ಟಿತ್ತು. ಆದರೆ ಎಡ ಎದೆಯಲ್ಲಿ, ಎದೆಮೂಳೆಯ ಪಕ್ಕ, ಗುಲಾಬಿ ಮೇಣ ತುಂಬಿ ಮುಚ್ಚಿದ ಒಂದು ಗುಂಡನೆಯ ತೂತೂ ಇತ್ತು. ಅದು ನೇರ ಹೃದಯದವರೆಗೆ ಹೋಗಿತ್ತು.

ಹೆಣಕ್ಕೆ ಔಷಧಿ ತುಂಬುವವರು ದಬ್ಬಳದಂಥ ಒಂದು ಉದ್ದನೆಯ ಪೊಳ್ಳು ಸಲಾಕೆಯನ್ನು ಹೊಕ್ಕುಳ ಪಕ್ಕ ಚುಚ್ಚಿ ಒಳಗಿನದನ್ನು ಹೀರಿ ತೆಗೆಯುತ್ತಾರೆ. ಅದೊಂದು ತೂತು ಎಲ್ಲ ಹೆಣದಲ್ಲೂ ಇರುತ್ತದೆ. ಎದೆಯಲ್ಲಿ ಇರುವುದಿಲ್ಲ. ಪ್ರೂಯಿಟ್ ರೇಡರ್‌ಗೆ ಫೋನು ಮಾಡಿ ಕೇಳಿದರು. ಎದೆಯ ತೂತು ತನ್ನದಲ್ಲ, ಇದ್ದದ್ದನ್ನು ನೋಡಿ ಚೆಂದ ಕಾಣಲೆಂದು ಮೇಣ ತುಂಬಿದೆ ಅಷ್ಟೆ ಅಂದ ಆಸಾಮಿ. ಚೀಫ್ ಡೋನಟ್ ಕಚ್ಚಿಕೊಂಡೇ ತೀರ್ಪು ಕೊಟ್ಟರು, ಮಂಜುಗಡ್ಡೆ ಒಡೆಯುವ ಚೂಪು ಸಲಾಕೆಯಿಂದ ಕೊಲೆ. ಪತ್ರಿಕೆಗಳು ಅದನ್ನು ಮೊದಲ ಪುಟದಲ್ಲಿ ಹಾಕಿದವು. ಎಸ್ಟಿಲ್ ಜೈಲಿಗೆ ಹೋದ. ಕೊಲೆ ಹೊರಬರಲು ಕಾರಣನಾದನೆಂದು ಊರವರು ರೇಡರ್‌ನನ್ನು ಹೊತ್ತು ಮೆರೆಸಿದರು. ಅವನ ಚುನಾವಣೆಯೂ ಹತ್ತಿರವಿತ್ತು.

ಮಿಂಟಾ ಆ ಹೆಣವನ್ನು ನೋಡಿದ್ದು ಇಷ್ಟೆಲ್ಲ ಆದ ಮೇಲೆ, ನಾನು ಹೊಲಿದು ಮುಗಿಸಿದ್ದನ್ನು ಊರಿಗೆ ಕಳಿಸುವ ದಿನ. ಮೇಣದ ಮೇಲೆ ಬೆರಳಿಟ್ಟು ಅಲುಗಾಡದೆ ನಿಂತಳು.

"ಏನ್ ಡಾಕ್ಟ್ರೇ?"

"ಇದು ನಮ್ಮಪ್ಪನ ಎದೇಲೂ ಇತ್ತು," ಅಂದಳು.

ಅವರ ಕಡೆ ಸತ್ತವರಿಗೆ ಕೊನೆಯ ಬಟ್ಟೆ ತೊಡಿಸುವುದು ಮನೆಯ ಹೆಂಗಸರು. ಔಷಧಿ ತುಂಬಿದ ಮೇಲೆ ಹೆಣದಂಗಡಿಯವನು ಹೊರಗೆ ನಿಲ್ಲುತ್ತಾನೆ, ಹೆಂಡತಿ ಮಕ್ಕಳು ಒಳಗೆ ಹೋಗಿ ಅಂಗಿ ತೊಡಿಸುತ್ತಾರೆ. ಬರ್ಲ್‌ನ ಅಂಗಿಯ ಗುಂಡಿ ಹಾಕಿದ್ದು ಮಿಂಟಾ. ಅದೇ ಜಾಗ, ಅದೇ ಗುಲಾಬಿ ಮೇಣ. ಹಾಸಿಗೆಯಲ್ಲಿ ಕೂತು ಕೆಮ್ಮಿ ಸತ್ತ ಅಪ್ಪನನ್ನು ಯಾರೂ ಚುಚ್ಚಿರಲಿಲ್ಲ. ರೇಡರ್ ತನ್ನ ತಂದೆಯಿಂದ ಕಲಿತ ಹಳೆಯ ಕಾಲದ ಕ್ರಮದಲ್ಲಿ ನೇರ ಹೃದಯಕ್ಕೇ ಸಲಾಕೆ ಹಾಕಿ ರಕ್ತ ಹೀರುತ್ತಿದ್ದ. ಉಳಿದವರು ಅದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ವಿಚಾರಣೆಗೆ ಮೊದಲೇ ಹೃದಯ ತೂತು ಮಾಡಿದೆ ಎಂದು ಒಪ್ಪಿಕೊಂಡರೆ ಕಾರೊನರ್ ಕುರ್ಚಿ ಹೋಗುತ್ತದೆ ಎಂದು ಫೋನಿನಲ್ಲಿ ಸುಳ್ಳು ಹೇಳಿದ್ದ. ಒಬ್ಬ ಜೈಲಿಗೆ ಹೋದರೂ ಬಾಯಿ ಬಿಡಲಿಲ್ಲ. ಇದನ್ನು ಬರೆಯುವಾಗಲೂ ನನಗೆ ಉಗುಳಬೇಕೆನ್ನಿಸುತ್ತದೆ.

ಮಿಂಟಾ ಚೀಫ್ ಕೋಣೆಗೆ ಹೋದಳು. ಬಾಗಿಲು ತೆರೆದೇ ಇತ್ತು, ನಾನು ಬಕೆಟ್ ಹಿಡಿದು ಹೊರಗಿದ್ದೆ.

"ಅಪ್ಪನ ಎದೇಲಿ ನೋಡಿದ ನೆನಪು," ಎಂದು ಪ್ರೂಯಿಟ್ ಅವಳ ಮಾತನ್ನೇ ಚಪ್ಪರಿಸಿದರು. "ಹದಿನೆಂಟು ವರ್ಷದ ಹುಡುಗಿ ಅಳ್ತಾ ನೋಡಿದ್ದು. ಕೋರ್ಟಲ್ಲಿ ನಗ್ತಾರಮ್ಮ."

"ಅದಕ್ಕೇ ತೀರ್ಪನ್ನ ಸದ್ಯಕ್ಕೆ ಹಿಂದಕ್ಕೆ ತಗೊಳ್ಳಿ ಅಂತಿದೀನಿ ಸರ್. ರೇಡರ್ ತುಂಬಿದ ಬೇರೆ ಹೆಣ ತೆಗೆಸಿ ನೋಡೋಣ."

"ನೋಡು, ಹೊಸ ಚೀಫ್‌ನ ಆರಿಸೋ ಮಂಡಳಿಗೆ ಮುಂದಿನ ತಿಂಗಳು ನಾನು ಕೊಡೋದು ಒಂದೇ ಹೆಸರು. ನಿನ್ನದು ಅಂತ ಅಂದ್ಕೊಂಡಿದ್ದೆ. ನನ್ನ ಕೊನೇ ಕೇಸಿಗೇ ಮಸಿ ಬಳಿಯೋಳ ಹೆಸರು ನಾನ್ಯಾಕೆ ಕೊಡ್ಲಿ? ಆ ಎಸ್ಟಿಲ್ ಏನು ದೇವಮಾನವನಾ?"

ಅಲ್ಲವೇ ಅಲ್ಲ. ಎಸ್ಟಿಲ್ ನೆರೆಯವರ ನಾಯಿಗಳಿಗೆ ವಿಷ ಹಾಕುವವನು, ಹೆಂಡತಿಯನ್ನು ಮಳೆಯಲ್ಲಿ ಹೊರಗೆ ನಿಲ್ಲಿಸಿ ಬಾಗಿಲು ಹಾಕಿಕೊಂಡವನು. ಅವನ ಮುಖ ನೋಡಿದರೆ ಹಾಲು ಒಡೆಯುತ್ತದೆ. ಆದರೆ ಡೆಲ್ಫಾ ಬಿದ್ದ ಹೊತ್ತಿಗೆ ಅವನು ಗಣಿಯೊಳಗಿದ್ದ. ಜತೆಗಿದ್ದವರು ಹಾಗೆಂದು ಹೇಳಿದರೂ ಯಾರೂ ಕಿವಿಗೊಡಲಿಲ್ಲ.

ಮಿಂಟಾ ರೇಡರ್ ಅಂಗಡಿಗೂ ಹೋದಳು, ನಾನೇ ಗಾಡಿ ಓಡಿಸಿದ್ದು. ಒಳಗೆ ಲಿಲ್ಲಿ ಹೂವಿನ ಸೆಂಟು, ಅದರಡಿಯಲ್ಲಿ ಹೆಣಕ್ಕೆ ತುಂಬುವ ಫಾರ್ಮಲಿನ್, ಅದರಡಿಯಲ್ಲಿ ಇನ್ನೇನೋ. ರೇಡರ್ ಕೈ ಚಾಚಿದ. ಮೆತ್ತಗೆ, ಒದ್ದೆಯಾಗಿ, ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯ ಹಾಗಿತ್ತು ಆ ಕೈ. ನಾನು ಪ್ಯಾಂಟಿಗೆ ಒರೆಸಿಕೊಂಡೆ.

ಮಿಂಟಾ ಕೇಳಿದ್ದು ಇಷ್ಟೇ: "ಕ್ಲೋವಿಸ್ ಮಾಮ, ನಮ್ಮಪ್ಪನ ಕೆಲಸ ನೀವೇ ಮಾಡಿದ್ದಲ್ವಾ?"

"ನಾನು ಯಾರ ಎದೇಗೂ ಚುಚ್ಚಲ್ಲ!" ಅಂದ ಅವನು.

ಎದೆಯ ಮಾತನ್ನು ಯಾರೂ ಎತ್ತಿರಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ ಹೇಳಿದ್ದು. ಆದರೆ ಹೆಗಲು ಮುಟ್ಟಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷಿಯಾಗುವುದಿಲ್ಲ. ಹೆಣವೇ ಬೇಕಿತ್ತು. ಗೋರಿ ಅಗೆಯಲು ಸತ್ತವರ ಮನೆಯವರು ಒಪ್ಪಬೇಕು, ಆ ಬೆಟ್ಟಗಳಲ್ಲಿ ಯಾರು ಒಪ್ಪುತ್ತಾರೆ? ನಾಲ್ಕು ಮನೆಯ ಬಾಗಿಲು ತಟ್ಟಿದಳು. ಒಂದು ಮನೆಯಲ್ಲಿ ನಾಯಿ ಬಿಟ್ಟರು. ಇನ್ನೊಂದರಲ್ಲಿ ಮುದುಕಿಯೊಬ್ಬಳು ಅವಳ ಮುಖಕ್ಕೇ ಥೂ ಅಂದಳು.

ಐದನೆಯ ಬಾಗಿಲು ಅವಳದೇ ಮನೆಯದು. ಅಂಗಳದ ನಲ್ಲಿಯಲ್ಲಿ ಕೈ ತೊಳೆದು ಒಳಗೆ ಹೋದಳು. ಇಮೋಜಿನ್ ಹಿಟ್ಟು ಜರಡಿ ಹಿಡಿಯುತ್ತಿದ್ದಳು. ಮಗಳು ಹೇಳಿದ್ದನ್ನು ಪೂರ್ತಿ ಕೇಳಿಸಿಕೊಂಡಳು.

"ಆ ನಾಯಿಗೆ ವಿಷ ಹಾಕೋನಿಗೋಸ್ಕರ ನಿಮ್ಮಪ್ಪನ್ನ ಅಗೀತೀಯಾ?"

"ಅವನು ಕೊಂದಿಲ್ಲಮ್ಮ."

"ಬೇರೆ ಪಾಪ ಎಷ್ಟು ಮಾಡವ್ನೆ. ಅದಕ್ಕಿದು ಸರಿಹೋಯ್ತು ಅನ್ಕೋ."

"ಅಪ್ಪ ಕಪ್ಪು ಉಗುಳಿ ಸತ್ರೆ ರೇಡರ್ ಹೃದಯ ಅಂತ ಬರೆದ. ಅದನ್ನೂ ಸರಿಹೋಯ್ತು ಅನ್ಕೊಂಡ್ಯಾ ನೀನು?"

ಇಮೋಜಿನ್ ಜರಡಿ ಕೆಳಗಿಟ್ಟಳು. ಹಿಟ್ಟಿನಲ್ಲಿ ಬೆರಳಿನಿಂದ ಗೆರೆ ಎಳೆದಳು. ನಾನು ಹೊಸ್ತಿಲಲ್ಲಿ ಟೋಪಿ ಹಿಡಿದು ನಿಂತಿದ್ದೆ, ಓಡಿಹೋಗುವ ಮನಸ್ಸಾಗಿತ್ತು.

"ರುಜು ಹಾಕ್ತೀನಿ," ಅಂದಳು ಕೊನೆಗೆ. "ಆದ್ರೆ ಈ ಎರ್ಸೆಲ್ ಬಿಟ್ಟು ಬೇರೆ ಯಾವ ಗಂಡಸೂ ಅವ್ರನ್ನ ಬಿಚ್ಚಿ ನೋಡಬಾರ್ದು. ಅಂಗಿ ಗುಂಡಿ ಹಾಕ್ದೋಳು ನೀನು, ಬಿಚ್ಚೋಳೂ ನೀನೇ. ಇನ್ನೊಂದ್ ಮಾತು ಮಿಂಟಾ. ಅದನ್ನ ಮುಟ್ಟಿದ ಕೈ ಮತ್ತೆ ನನ್ನ ಹಿಟ್ಟಿಗೆ ಬೇಡ. ಯಾವ ಸೋಪಲ್ಲೂ ಅದು ಹೋಗಲ್ಲ. ನಿನ್ನ ಶಿಕ್ಷಿಸೋಕೆ ಹೇಳ್ತಿಲ್ಲ. ನನ್ ಕೈಲಾಗಲ್ಲ, ಅಷ್ಟೇ. ಮೊದಲೇ ಹೇಳ್ಬಿಡ್ತೀನಿ."

"ಗೊತ್ತಮ್ಮ."

"ಗೊತ್ತಿದ್ದೂ ಮಾಡ್ತೀಯಾ?"

ಮಿಂಟಾ ಹೌದೆಂದು ತಲೆಯಾಡಿಸಿದಳು. ಆ ದಿನ ಕೊನೆಯ ಸಲ ಎಂಬಂತೆ ಇಬ್ಬರೂ ಕೂಡಿ ರೊಟ್ಟಿ ತಟ್ಟಿದರು.

ಅಗೆದ ಬೆಳಿಗ್ಗೆ ಇಮೋಜಿನ್ ಬರಲಿಲ್ಲ. ಒಗೆದು ಇಸ್ತ್ರಿ ಮಾಡಿದ ಒಂದು ದುಪ್ಪಟಿ ಕಳಿಸಿದ್ದಳು, ತಿರುಗಿ ಮಲಗಿಸುವಾಗ ಸುತ್ತಲೆಂದು. ನೆರೆ ರಾಜ್ಯದ ವಯಸ್ಸಾದ ಡಾಕ್ಟರಮ್ಮ ಒಬ್ಬರು ಸಾಕ್ಷಿಗೆ ಬಂದಿದ್ದರು. ಬೇಲಿಯಾಚೆ ಊರಿನ ಅರ್ಧ ಜನ ನೆರೆದಿದ್ದರು. ಅಸಹ್ಯ, ಅಸಹ್ಯ ಅನ್ನುತ್ತಲೇ ಕತ್ತು ಉದ್ದ ಮಾಡಿ ನೋಡುತ್ತಿದ್ದರು, ಒಬ್ಬ ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಳ್ಳುತ್ತಿದ್ದ. ಮೇಲೆತ್ತಿದ ಪೆಟ್ಟಿಗೆಯ ಸುತ್ತ ಗುಡಾರ ಕಟ್ಟಿ ನಾನು ಪರದೆ ಎಳೆದೆ.

ಪೆಟ್ಟಿಗೆಯೊಳಗೆ ನೀರು ಹೊಕ್ಕಿತ್ತು. ಮುಚ್ಚಳ ಬಿಡಿಸಿದಾಗ ಬಂದ ವಾಸನೆಯನ್ನು ವರ್ಣಿಸುವುದಿಲ್ಲ. ಅಷ್ಟು ವರ್ಷ ಆ ಕೆಲಸ ಮಾಡಿದ ನಾನು ಹೊರಗೋಡಿ ಬೇಲಿಯ ಬುಡದಲ್ಲಿ ವಾಂತಿ ಮಾಡಿದೆ, ಆ ಕಾಫಿಯವನ ಎದುರಿಗೇ. ತಿರುಗಿ ಬಂದಾಗ ಮಿಂಟಾ ಮಂಡಿಯೂರಿ ಕೂತಿದ್ದಳು. ಅಪ್ಪನ ಮುಖದ ಮೇಲೆ ಬಿಳಿ ಬೂಷ್ಟು ಬೆಳೆದಿತ್ತು, ಮೈಕೊಬ್ಬು ಹಳೆಯ ಸೋಪಿನ ಹಾಗೆ ಗಟ್ಟಿಯಾಗಿತ್ತು. ಅಂಗಿಯ ಗುಂಡಿಗಳು ಮಾತ್ರ ಇದ್ದ ಹಾಗೇ ಇದ್ದವು. ಅವಳು ಅವನ್ನು ಮೇಲಿನಿಂದ ಒಂದೊಂದಾಗಿ ಬಿಚ್ಚಿದಳು. ಮುಲಾಮು ಹಚ್ಚಿಕೊಂಡಿರಲಿಲ್ಲ. ಮುಖ ಕಿವುಚಿಕೊಂಡಿತ್ತು, ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಎರಡು ಸಲ ಓಕರಿಸಿದಳು. ಕೈ ಮಾತ್ರ ನಿಲ್ಲಲಿಲ್ಲ.

ಎಡ ಎದೆಯಲ್ಲಿ, ಎದೆಮೂಳೆಯ ಪಕ್ಕ, ಗುಲಾಬಿ ಮೇಣವಿತ್ತು.

"ಫೋಟೋ ತೆಗಿ ಎರ್ಸೆಲ್," ಅಂದಳು. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿ, "ಇದು ನಮ್ಮಪ್ಪ. ಇವರನ್ನ ಯಾರೂ ಕೊಂದಿಲ್ಲ," ಎಂದಳು.

ಆ ಫೋಟೋ ಕೋರ್ಟಿಗೆ ಹೋಗಿ, ಡೆಲ್ಫಾ ಬಿದ್ದ ಪೆಟ್ಟಿನಿಂದಲೇ ಸತ್ತದ್ದೆಂದಾಗಿ, ಎಸ್ಟಿಲ್ ಬಿಡುಗಡೆಯಾದ. ರೇಡರ್ ಕಾರೊನರ್ ಕುರ್ಚಿ ಕಳೆದುಕೊಂಡ, ಹೆಣದಂಗಡಿ ಮಾತ್ರ ನಡೆಸಿಕೊಂಡೇ ಇದ್ದಾನೆ. ಸತ್ತವರಿಗೆ ಬೇರೆ ಅಂಗಡಿ ಹುಡುಕಿಕೊಂಡು ಹೋಗಲಾಗುವುದಿಲ್ಲವಲ್ಲ. ಪ್ರೂಯಿಟ್‌ಗೆ ಮಂಡಳಿಯವರು ಭರ್ಜರಿ ಬೀಳ್ಕೊಡುಗೆ ಊಟ ಹಾಕಿದರು, ತಪ್ಪಿನ ಸುದ್ದಿ ಒಬ್ಬನೂ ಎತ್ತಲಿಲ್ಲ. ಅವರು ಕೇಕಿನ ಕೆನೆಯನ್ನು ಬೆರಳಲ್ಲಿ ತೆಗೆದು ಚೀಪುವುದನ್ನು ನಾನು ಎದುರು ಮೇಜಿನಲ್ಲಿ ಕೂತು ನೋಡಿದೆ.

ಇನ್ನೂ ಹೇಸಿಗೆಯ ಸಂಗತಿ ಮುಂದಿದೆ. ಅವರು ಮಿಂಟಾಳ ಹೆಸರು ಕೊಡಲಿಲ್ಲ, ಆದರೂ ಕುರ್ಚಿ ಅವಳಿಗೇ ಬಂತು. ಯಾಕೆಂದರೆ ಪತ್ರಿಕೆಗಳು 'ಸತ್ಯಕ್ಕಾಗಿ ಅಪ್ಪನ ಗೋರಿ ಅಗೆದ ಮಗಳು' ಎಂದು ಬರೆದು ಅವಳ ಚಿತ್ರ ಹಾಕಿದ್ದವು, ಮಂಡಳಿಯವರಿಗೆ ಆ ಹೆಸರಿನ ಆಸೆ ಹುಟ್ಟಿತು. ಅವಳ ಬುದ್ಧಿಗೆ ಕೊಡಲಿಲ್ಲ, ಇಷ್ಟು ವರ್ಷದ ದುಡಿಮೆಗೂ ಕೊಡಲಿಲ್ಲ. ಕೈ ಕುಲುಕುವಾಗ ಒಬ್ಬ ಸದಸ್ಯ ಅವಳ ಬೆರಳ ತುದಿಯನ್ನಷ್ಟೇ ಮುಟ್ಟಿ ಬಿಟ್ಟ.

"ಬಂತಲ್ಲ ಚೀಫ್, ಬೇಕಾಗಿದ್ದ ಕುರ್ಚಿ," ಅಂದೆ.

"ಬಂತು. ಕೂತ್ಕೋತೀನಿ. ಕೆಲಸ ಬೇಜಾನ್ ಇದೆ," ಅಂದಳು.

ಮೊದಲು ಮಾಡಿದ ಕೆಲಸ, ಅಪ್ಪನ ಮರಣಪತ್ರವನ್ನು ತಿದ್ದಿದ್ದು. 'ಗಣಿಯ ಧೂಳಿನಿಂದ ಸಾವು.' ತಾಯಿಗೆ ಒಂದು ಪ್ರತಿ ಕಳಿಸಿದಳು. ಉತ್ತರ ಬರಲಿಲ್ಲ. ಭಾನುವಾರ ಹೋದರೆ ಇಮೋಜಿನ್ ಜಗಲಿಯಲ್ಲೇ ಕುರ್ಚಿ ಹಾಕುತ್ತಿದ್ದಳು, ಕಾಫಿ ಕೊಡುತ್ತಿದ್ದಳು, ಒಳಗೆ ಕರೆಯುತ್ತಿರಲಿಲ್ಲ.

ಮರುವರ್ಷ ಮೇ ತಿಂಗಳು, ಗೋರಿ ಸಿಂಗರಿಸುವ ಭಾನುವಾರ. ಆ ದಿನ ಊರವರೆಲ್ಲ ಗುಡ್ಡದ ಸ್ಮಶಾನದಲ್ಲಿ ಹುಲ್ಲು ಕಿತ್ತು, ಹೂವಿಟ್ಟು, ಉದ್ದನೆಯ ಹಲಗೆಗಳ ಮೇಲೆ ಮನೆಮನೆಯಿಂದ ತಂದದ್ದನ್ನು ಹರವಿ ಒಟ್ಟಿಗೆ ಉಣ್ಣುತ್ತಾರೆ. ಮಿಂಟಾ ನನ್ನನ್ನೂ ಕರೆದಳು. ಅವಳ ಮಡಿಲಲ್ಲಿ ಬಟ್ಟೆ ಮುಚ್ಚಿದ ಬೋಗುಣಿಯಿತ್ತು.

"ಏನು ಚೀಫ್ ಅದು?"

"ರೊಟ್ಟಿ. ನಾನೇ ನಾದಿದ್ದು."

"ಯಾಕ್ ಬೇಕಿತ್ತು? ಅಂಗಡಿ ಕೇಕ್ ತಂದಿದ್ರೆ ಆಗ್ತಿರ್ಲಿಲ್ವಾ?"

"ಮುಚ್ಕೊಂಡು ಗಾಡಿ ಓಡ್ಸು."

ಹುರಿದ ಕೋಳಿ, ಹಂದಿ ಹಾಕಿ ಬೇಯಿಸಿದ ಹುರುಳಿಕಾಯಿ, ಮುಸುಕಿನ ಜೋಳದ ರೊಟ್ಟಿಗಳ ನಡುವೆ ಅವಳು ಬೋಗುಣಿ ಇಟ್ಟಳು. ಜನರ ಸಾಲು ಹಲಗೆಯ ಉದ್ದಕ್ಕೂ ಬಂತು. ಅವಳ ಬೋಗುಣಿಯ ಹತ್ತಿರ ಎಲ್ಲರ ಕೈಯೂ ಸ್ವಲ್ಪ ಮೇಲಾಗಿ ದಾಟಿತು. ಎಸ್ಟಿಲ್ ಕೂಡ ಬಂದಿದ್ದ, ಡೆಲ್ಫಾಳ ಗೋರಿಗೆ ಹೂ ಇಡಲು ಅಲ್ಲ, ಪುಕ್ಕಟೆ ಊಟಕ್ಕೆ. ಅವನು ಗೊತ್ತಿಲ್ಲದೆ ಒಂದು ರೊಟ್ಟಿ ಎತ್ತಿದ. ಪಕ್ಕದವಳು ಕಿವಿಯಲ್ಲಿ ಏನೋ ಅಂದಳು. ರೊಟ್ಟಿಯನ್ನು ತಿರುಗಿ ಬೋಗುಣಿಗೆ ಹಾಕಿ ಬೆರಳನ್ನು ಪ್ಯಾಂಟಿಗೆ ಒರೆಸಿಕೊಂಡ.

ನನಗೆ ತಡೆಯಲಾಗಲಿಲ್ಲ. "ಏಯ್, ಆ ಕೈ ಇಲ್ದಿದ್ರೆ ನೀನಿವತ್ತು ಜೈಲಿನ ರೊಟ್ಟಿ ತಿಂತಿದ್ದೆ."

"ಇರಬೋದು," ಅಂದ ಆ ಪುಣ್ಯಾತ್ಮ. "ಆದ್ರೂ ಹೆತ್ತಪ್ಪನ್ನೇ ಅಗೆಯೋದು ಅಂದ್ರೆ... ನಾನಾಗಿದ್ರೆ ಅಂಥದ್ದು ಮಾಡ್ತಿರ್ಲಿಲ್ಲಪ್ಪ."

ನಾನು ಮುಷ್ಟಿ ಬಿಗಿದೆ. ಮಿಂಟಾ ನನ್ನ ತೋಳು ಹಿಡಿದು ಎಳೆದಳು. ಅಪ್ಪನ ಗೋರಿಯ ಪಕ್ಕ ಹೋಗಿ ಹುಲ್ಲಿನ ಮೇಲೆ ಕೂತಳು. ಹಟ ಮಾಡಿ ನಾನು ಅವಳ ರೊಟ್ಟಿ ಮೂರು ತಿಂದೆ. ತಾಯಿಯದರ ಹಾಗೆಯೇ ಹಗುರವಾಗಿತ್ತು.

ಜನ ಕರಗಿದ ಮೇಲೆ ಇಮೋಜಿನ್ ಹಲಗೆಯ ಹತ್ತಿರ ಬಂದಳು. ಬೋಗುಣಿಯ ಬಟ್ಟೆ ಸರಿಸಿ ನೋಡಿದಳು. ಒಂದು ರೊಟ್ಟಿ ಎತ್ತಿಕೊಂಡು, ಮುರಿದು, ಬಾಯಿಯ ಹತ್ತಿರ ತಂದಳು. ತಂದವಳು ಕಣ್ಣು ಮುಚ್ಚಿ ಹಾಗೇ ನಿಂತಳು. ಆಮೇಲೆ ಕೈ ಕೆಳಗಿಳಿಯಿತು. ರೊಟ್ಟಿಗಳನ್ನೆಲ್ಲ ಬೇಲಿಯ ಬಳಿಯ ನಾಯಿಗಳ ಮುಂದೆ ಸುರಿದು ಬೋಗುಣಿಯನ್ನು ಸ್ಮಶಾನದ ನಲ್ಲಿಯಲ್ಲಿ, ಮನೆಯಿಂದ ತಂದಿದ್ದ ತನ್ನ ಸೋಪಿನಿಂದ ಉಜ್ಜಿ ಉಜ್ಜಿ ತೊಳೆದಳು. ಮಿಂಟಾ ಎಲ್ಲವನ್ನೂ ನೋಡುತ್ತಿದ್ದಳು.

ಇಮೋಜಿನ್ ತಾನು ತಂದಿದ್ದ ಬುಟ್ಟಿಯಿಂದ ಹುರುಳಿಕಾಯಿ ಬಡಿಸಿ, ಮೇಲೆ ತಾನು ಮಾಡಿದ ಎರಡು ರೊಟ್ಟಿ ಇಟ್ಟು, ಆ ಬೋಗುಣಿಯನ್ನು ತಂದು ಮಗಳ ಮಡಿಲಲ್ಲಿಟ್ಟಳು.

"ನಿನ್ ಕೈದು ನಂಗೆ ಇಳಿಯಲ್ಲ ಮಗಾ. ನೋಡ್ದೆ. ಹೊಟ್ಟೆ ತೊಳಸ್ತದೆ," ಅಂದಳು. "ನನ್ ಕೈದು ನಿಂಗೆ ಇಳೀತದಲ್ಲ, ತಿನ್ನು. ಆ ಕಾಗದ ಬಂತು. ನಿಮ್ಮಪ್ಪನ ಫೋಟೋ ಹಿಂದೆ ಇಟ್ಟಿದೀನಿ."

ಮಿಂಟಾ ಬೋಗುಣಿಯನ್ನು ಹುಲ್ಲಿನ ಮೇಲಿಟ್ಟು ಎದ್ದಳು. ನಲ್ಲಿಗೆ ಹೋಗಿ, ತಾಯಿಯ ಸೋಪಿನಲ್ಲಿ ಮೊಣಕೈವರೆಗೆ ತೊಳೆದುಕೊಂಡು ಬಂದಳು. ಆಮೇಲೆ ಕೂತು ತಿಂದಳು.